ಎತ್ತಿನ ದಲಾಲಿಯ ಸಾಫ್ಟ್‌ವೇರ್ ಷೇರು

ಸಲಹೆ ಕೊಡುವುದು ನನಗೆ ಅಂಟಿದ ಚಟ. ತಂಬಾಕು ಬಿಟ್ಟೆ, ಇದನ್ನು ಬಿಡಲಾಗಲಿಲ್ಲ. ಈ ಚಟಕ್ಕಿರುವ ತೊಂದರೆಯೆಂದರೆ ಕೇಳುವವನೊಬ್ಬ ಎದುರಿಗೆ ಬೇಕು. ಹುಮನಾಬಾದಿನ ದನದ ಬಜಾರಿನಲ್ಲಿ ಎತ್ತಿನ ದಲಾಲಿಯಾಗಿದ್ದಾಗ ಅಂಥವರಿಗೆ ಬರವಿರಲಿಲ್ಲ. ಟವಲಿನ ಕೆಳಗೆ ಕೊಳ್ಳುವವನ ಕೈ ಹಿಡಿದು, ಬೆರಳು ಒತ್ತಿ ದರ ಹೇಳುತ್ತಿದ್ದೆ. ಸುತ್ತ ನಿಂತವರಿಗೆ ಏನೂ ತಿಳಿಯದು. ನನಗೆ ಮಾತ್ರ ಬೆರಳಿನ ನಡುಕದಲ್ಲೇ ಅವನ ಮನಸ್ಸು ತಿಳಿಯುತ್ತಿತ್ತು. ಮುಡಬಿ, ಹುಡಗಿ ಹಳ್ಳಿಗಳಿಂದ ಬಂದವರು ಎತ್ತಿನ ಹಲ್ಲು ನೋಡುವ ಮೊದಲು ನನ್ನ ಮುಖ ನೋಡುತ್ತಿದ್ದರು. ಆಮೇಲೆ ಟ್ರ್ಯಾಕ್ಟರ್ ಬಂತು. ಅದಕ್ಕೆ ಹಲ್ಲಿಲ್ಲ. ಈಗ ಬಸವಕಲ್ಯಾಣದ ಮನೆಯಲ್ಲಿ ಹೆಂಡತಿ ಕೂಡ ಸಲಹೆಗೆ ಟಿ.ವಿ. ಹಚ್ಚುತ್ತಾಳೆ.

ಹೀಗಾಗಿ ಷೇರಿಗೆ ಬಿದ್ದೆ. ನನ್ನ ಹಳೆಯ ಜೊತೆಗಾರ, ಹುಮನಾಬಾದಿನ ದಲಾಲಿ ಮಾಣಿಕಪ್ಪನೂ ನಾನೂ ಸೇರಿ ಒಂದು ಸಾಫ್ಟ್‌ವೇರ್ ಕಂಪನಿಯ ಷೇರು ನಮ್ಮ ನಮ್ಮ ಖಾತೆಗೆ ಕೊಂಡೆವು. ಅಂಗಡಿಯ ಕಂಪ್ಯೂಟರುಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡುವ ಕಂಪನಿ. ನಾವು ಕೊಂಡದ್ದೇ ತಡ, ಅಂಗಡಿಯವರು ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಮೊಬೈಲಿನಲ್ಲಿ ಬಿಲ್ ಮಾಡತೊಡಗಿದರು. ಇನ್ನು ಬಾಯಲ್ಲಿ ಹೇಳಿದರೆ ತಾನೇ ಬರೆದುಕೊಳ್ಳುವ ಯಂತ್ರವಂತೆ. ಯೂಟ್ಯೂಬಿನಲ್ಲಿ ಕೋಟಿನವನೊಬ್ಬ ಮಾರಿ ಎನ್ನುತ್ತಾನೆ, ಟೈನವನೊಬ್ಬ ಹಿಡಿದುಕೊಳ್ಳಿ ಎನ್ನುತ್ತಾನೆ. ಇಬ್ಬರ ಕೈಯೂ ನನ್ನ ಟವಲಿಗೆ ಎಟುಕುವುದಿಲ್ಲ.

ಆದ್ದರಿಂದ ಪ್ರತಿ ರವಿವಾರ ಬಸ್ಸು ಹತ್ತಿ ಹುಮನಾಬಾದಿಗೆ ಹೋಗಿ, ಸ್ಟ್ಯಾಂಡಿನೆದುರಿನ ಹೋಟೆಲಿನಲ್ಲಿ ಕೂತು, ಮಾರಬೇಡವೆಂದು ಮಾಣಿಕಪ್ಪನಿಗೆ ಸಲಹೆ ಕೊಡುತ್ತಿದ್ದೆ.

"ಮಾಲ್ ಮುದಿ ಆಗ್ಯಾದೋ. ಕಂಪ್ಯೂಟರೇ ಹೋಗಾಕತ್ತಾವ, ಇದರ ಗತಿ ಏನು?" ಎನ್ನುತ್ತಿದ್ದ ಅವನು.

"ಕಂಪ್ಯೂಟರ್ ಅಂದ್ರ ಬಂಡಿ. ಬಂಡಿ ಬದಲಾದ್ರ ಎತ್ತು ಯಾಕ ಮಾರ್ತಿ? ಹೊಸ ಬಂಡಿಗಿ ಹೂಡಬೇಕು."

"ನೀ ಟ್ರ್ಯಾಕ್ಟರಿಗಿ ಹೂಡಿದಿ ಏನು?"

ನಾನು ಇನ್ನೆರಡು ಚಹಾ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಕಂಪನಿಯ ಚಿಂತೆ ನನಗೆ ಅಷ್ಟಿರಲಿಲ್ಲ. ಇವನು ಮಾರಿಬಿಟ್ಟರೆ ಯಾವ ನೆಪ ಹೇಳಿ ಬಸ್ಸು ಹತ್ತಲಿ ಎಂಬುದೇ ಚಿಂತೆ.

ಹೋದ ರವಿವಾರ, ಕಂಪನಿ ತಾನೂ ಮೊಬೈಲಿಗೆ ಇಳಿಯುತ್ತಿದೆ ಎಂಬ ಸುದ್ದಿ ಹೊತ್ತು, ಗೆದ್ದ ಎತ್ತಿನ ಹಾಗೆ ಹೋದೆ. "ತೆಗಿ ನಿನ್ನ ಮೊಬೈಲ್, ದರ ಹ್ಯಾಂಗ ಏರ್ಯಾದ ನೋಡು" ಎಂದು ಕಸಿದುಕೊಂಡೆ. ಅವನ ಖಾತೆಯಲ್ಲಿ ಒಂದೂ ಷೇರಿಲ್ಲ.

"ಎಲ್ಲೋ ಷೇರು?"

"ಮಾರಿ ಎರಡ ವರ್ಷ ಆತು."

"ಮತ್ತ ವಾರಾವಾರ ನನ್ನ ಕೂಡ ಯಾಕ ಜಗಳಾಡ್ತಿದ್ದಿ?"

ಅವನು ಬಸಿಯಲ್ಲಿ ಉಳಿದ ಚಹಾ ನೋಡಿದ. "ಮಾರೀನಿ ಅಂದಿದ್ರ ನೀ ಬರೂದು ಬಿಡ್ತಿದ್ದಿ. ಮನ್ಯಾಗ ನನ್ನ ಕೂಡ ಜಗಳಾನೂ ಯಾರೂ ಆಡಂಗಿಲ್ಲೋ."

ಊರವರ ಬೆರಳು ಓದಿದ ನನಗೆ, ಎರಡು ವರ್ಷ ಎದುರಿಗೆ ಕೂತವನ ಮುಖ ಓದಲಾಗಿರಲಿಲ್ಲ. ಹೆಗಲಿನ ಟವಲು ತೆಗೆದು ಅವನ ಕೈ ಮೇಲೆ ಹಾಕಿ ಕೆಳಗೆ ಬೆರಳು ಹಿಡಿದೆ. ಹೋಟೆಲಿನವನು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿದ: "ಏನ್ ಕಾಕಾ, ಎತ್ತು ಎಲ್ಲಿ ಕಟ್ಟೀರಿ?" ಹೇಳಲು ದರವಿರಲಿಲ್ಲ, ಆದರೂ ಇಬ್ಬರೂ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ.

ಬಸ್ಸು ಹತ್ತಿಸುವಾಗ ಮಾಣಿಕಪ್ಪನೇ ದಾರಿ ಹೇಳಿದ: "ನಿನ್ನ ಷೇರು ಇನ್ನೂ ಅದಾವಲ್ಲ? ಮುಂದಿನ ವಾರದಿಂದ ನೀ ಮಾರ್ತೀನಿ ಅನ್ನು, ನಾ ಬ್ಯಾಡ ಅಂತೀನಿ."

ಒಪ್ಪಿದೆ. ಕಿಟಕಿಯ ಪಕ್ಕ ಕೂತು, ಮಾರಲು ಕಾರಣಗಳನ್ನು ಹುಡುಕತೊಡಗಿದೆ. ಒಂದಕ್ಕಿಂತ ಒಂದು ಗಟ್ಟಿ ಕಾರಣಗಳು ಸಿಕ್ಕವು. ಬಸವಕಲ್ಯಾಣ ಬರುವಷ್ಟರಲ್ಲಿ ನನಗೇ ಹೆದರಿಕೆ ಹತ್ತಿತು: ಆ ಬಡಪಾಯಿ ವಾದದಲ್ಲಿ ಸೋತರೆ ಏನು ಗತಿ?