ಹಿಂದಕ್ಕೆ ನಡೆದ ಫೋಟೋಗ್ರಾಫರ್

ಸಿರಿಗೇರಿಯ ಫೋಟೋಗ್ರಾಫರ್ ಮಾರೇಶನ ಹಳೆಯ ಲೆನ್ಸು ಅಂದು ಬೆಳಗ್ಗೆ ಕಪಾಟಿನ ಮೇಲಿಂದ ಬಿದ್ದು ಎರಡು ಹೋಳಾಯಿತು. ಹನ್ನೊಂದು ಗಂಟೆಗೆ ಬಾದನಹಟ್ಟಿಯಲ್ಲಿ ಒಂದು ನಿಶ್ಚಿತಾರ್ಥದ ಫೋಟೋ ಒಪ್ಪಿಕೊಂಡಿದ್ದ. ಬೈಕ್ ಹತ್ತಿ ಬಳ್ಳಾರಿಯ ಬ್ರೂಸ್‌ಪೇಟೆಗೆ ಧಾವಿಸಿದ.

ಅಲ್ಲಿಯ ಕ್ಯಾಮೆರಾ ಅಂಗಡಿಯ ಗೋಪಾಲಕೃಷ್ಣರು ಎರಡು ಲೆನ್ಸ್ ತೆಗೆದಿಟ್ಟರು.

"ಇದು ಜೂಮ್. ನೀವು ನಿಂತಲ್ಲೇ ನಿಲ್ಲಿ, ತಿರುಗಿಸಿದ್ರೆ ದೂರದ್ದು ಹತ್ರ ಬರುತ್ತೆ. ಇದು ಪ್ರೈಮ್. ಇದಕ್ಕೆ ನೀವೇ ಹಿಂದೆ ಮುಂದೆ ಓಡಾಡ್ಬೇಕು. ಆದ್ರೆ ಮುಖ ಹಾಲಲ್ಲಿ ತೊಳೆದ ಹಾಗೆ ಬರುತ್ತೆ."

"ಹಂಗಾದ್ರ ಪ್ರೈಮ್ ಕೊಡ್ರಿ."

"ಜನ ಜಾಸ್ತಿ ಇದ್ರೆ ಜೂಮೇ ವಾಸಿ."

"ಹಂಗಾದ್ರ ಜೂಮ್ ಕೊಡ್ರಿ."

"ಮನೆಯೊಳಗೆ ಕತ್ತಲೆ ಇದ್ರೆ ಪ್ರೈಮೇ ಸರಿ."

ಮಾರೇಶನ ತಲೆ ರೊಟ್ಟಿ ಹಿಟ್ಟಿನಂತಾಯಿತು. ಯಾರು ಯಾವ ಕಡೆ ಒತ್ತಿದರೂ ಆ ಕಡೆಗೇ ಹೋಗುತ್ತಿತ್ತು. ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದು ಕೂತಿದ್ದ ಗಣಿತದ ಮೇಷ್ಟ್ರು ದೊಡ್ಡಬಸವರಾಜ ತಾವೂ ಒಂದು ಕೈ ಒತ್ತಿದರು.

"ಪ್ರೈಮ್ ನಂಬರ್ ಅಂದ್ರ ಭಾಗ ಮಾಡಾಕ ಬರಂಗಿಲ್ಲ. ಈ ಲೆನ್ಸೂ ಹಂಗ. ಬಿದ್ರೂ ಎರಡು ಹೋಳಾಗಂಗಿಲ್ಲ. ತಗೊಳಪಾ!"

ಮಾರೇಶ ಹೆಂಡತಿ ಸರೋಜಾಳಿಗೆ ಫೋನ್ ಹಚ್ಚಿದ. ಅವಳದು ಒಂದೇ ಮಾತು: "ಓಡಾಡೋದು ತಗೊಳ್ರಿ. ಹೊಟ್ಟಿನಾರ ಕರಗತೈತಿ."

ಪ್ರೈಮ್ ಚೀಲ ಸೇರಿತು. ದಾರಿಯುದ್ದಕ್ಕೂ ಜೂಮೇ ಒಳ್ಳೆಯದಿತ್ತೇನೋ ಎಂದು ಮನಸ್ಸು ಕೊರೆಯಿತು. ಆ ಗುಂಗಿನಲ್ಲೇ ಬಾದನಹಟ್ಟಿಯ ಓಣಿ ಹೊಕ್ಕು, ಚಪ್ಪರ ಕಂಡ ಮನೆಯ ಮುಂದೆ ಬೈಕ್ ನಿಲ್ಲಿಸಿದ.

"ಫೋಟೋದಾತ ಬಂದ! ಬಾ ತಮ್ಮಾ," ಎಂದು ಹಿರಿಯಜ್ಜಿ ದೊಡ್ಡಬಸಮ್ಮ ಒಳಗೆ ಕರೆದಳು.

ಮದುಮಗಳು ಶಶಿರೇಖಾಳ ಫೋಟೋ ನಿಜಕ್ಕೂ ಹಾಲಲ್ಲಿ ತೊಳೆದಂತೆ ಬಂತು. ಮನೆಮಂದಿಯೆಲ್ಲ ಕ್ಯಾಮೆರಾಕ್ಕೆ ಮುತ್ತಿಕೊಂಡು ಹೊಗಳಿದರು. ಮಾರೇಶನ ಎದೆ ಉಬ್ಬಿತು. ಅಷ್ಟರಲ್ಲಿ ಅಜ್ಜಿ, "ಈಗ ನಾವು ಹದಿನಾಲ್ಕೂ ಮಂದಿ ಒಂದರಾಗ ಬರ್ಬೇಕು ನೋಡು," ಎಂದಳು.

ಎಲ್ಲರೂ ಹೊರಗೆ ಕಟ್ಟೆಯ ಮೇಲೆ ಸಾಲಾಗಿ ನಿಂತು ಹಲ್ಲು ಬಿಟ್ಟರು. ಮಾರೇಶ ನೋಡಿದ. ಲೆನ್ಸಿನಲ್ಲಿ ಎರಡೂವರೆ ಮಂದಿ ಕಂಡರು. ಹಿಂದೆ ಸರಿದ, ಐದು ಮಂದಿ. ಓಣಿಗೆ ಇಳಿದ, ಒಂಬತ್ತು. ಪಕ್ಕದ ಮನೆಯ ಹುಡುಗ ಎರ್ರಿ, ಲಾರಿ ಹಿಂದಕ್ಕೆ ತೆಗೆಸುವವನಂತೆ ಕೈ ಬೀಸತೊಡಗಿದ.

"ಬರ್ಲಿ, ಬರ್ಲಿ... ಎಮ್ಮಿ ಐತಿ, ಎಡಕ್ಕ! ಹಾಂ, ಬರ್ಲಿ!"

ಹನ್ನೆರಡು. ಹದಿಮೂರು. ಇನ್ನು ಸೋದರಮಾವನ ಅರ್ಧ ಮೀಸೆ ಮಾತ್ರ ಬಾಕಿ. ಮಾರೇಶ ಇನ್ನೆರಡು ಹೆಜ್ಜೆ ಹಿಂದಿಟ್ಟ. ಎದುರು ಮನೆಯ ಬಾಗಿಲೊಳಗಿಂದ ಕೈಯೊಂದು ಅವನ ಕಾಲರ್ ಹಿಡಿಯಿತು.

"ಸಿರಿಗೇರಿ ಮಾರೇಶ ನೀನಲ್ಲೇನು? ಹನ್ನೊಂದಕ್ಕ ಬರ್ತೀನಂದಾತ ಒಂದು ಗಂಟಿಗೆ, ಅದೂ ಹಿಂದಕ್ಕ ನಡ್ಕೊಂತ ಬಂದ್ಯೇನು?"

"ನೀವು ಯಾರ್ರೀ ಅಮ್ಮಾ?"

"ದಾಕ್ಷಾಯಣಮ್ಮ. ನಿನಗ ಫೋನಿನಾಗ ಆರ್ಡರ್ ಕೊಟ್ಟಾಕಿ!"

ಮಾರೇಶ ತಿರುಗಿ ನೋಡಿದ. ಅಲ್ಲೂ ಚಪ್ಪರ, ಅಲ್ಲೂ ನಿಶ್ಚಿತಾರ್ಥ!

"ತಪ್ಪಾತ್ರಿ. ಈಗ ಶುರು ಮಾಡ್ತೀನಿ..."

"ಏನು ಶುರು ಮಾಡ್ತಿ? ಎಲ್ಲಾ ಮುಗದೈತಿ. ನೀನು ಬರ್ಲಿಲ್ಲಂತ ಓಣ್ಯಾಗ ಮನಿ ಹುಡುಕ್ತಿದ್ದ ಆ ಫೋಟೋದಾತನ್ನ ನಾವ ಎಳಕೊಂಡು ಬಂದ್ವಿ."

ಮೂಲೆಯಲ್ಲಿ ಸಿರುಗುಪ್ಪದ ಫೋಟೋಗ್ರಾಫರ್ ಅಂಜಿನಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿದ್ದ ಕ್ಯಾಮೆರಾಕ್ಕೆ ಮೊಳದುದ್ದದ ಜೂಮ್.

"ಲೇ ಅಂಜಿನಿ, ನಿನಗ ಆರ್ಡರ್ ಕೊಟ್ಟೋರು ಯಾರು?"

"ದೊಡ್ಡಬಸಮ್ಮ ಅಂತ ಒಬ್ಬಾಕಿ ಅಜ್ಜಿ, ಅಣ್ಣಾ. ಇಲ್ಲೇ ಅದಾರಲ್ಲ?"

"ಇಲ್ಲಿಲ್ಲ. ಎದುರು ಮನ್ಯಾಗ ಅದಾರ!"

ಅಂಜಿನಿಯ ಕೈಯ ಹೋಳಿಗೆ ಎಲೆಗೆ ಬಿತ್ತು. "ನಿಂತಲ್ಲೇ ನಿಂತು ಇಡೀ ಫಂಕ್ಷನ್ ತೆಗದ್ನಲ್ಲೋ! ಹೊರಗ ಒಂದು ಹೆಜ್ಜಿ ಇಟ್ಟಿದ್ರ ಗೊತ್ತಾಗ್ತಿತ್ತು. ಅಣ್ಣಾ, ನಾನೂ ಪ್ರೈಮ್ ತಗೊಳ್ಳಲೇನು?"

ಯಾವುದು ಒಳ್ಳೆಯದೆಂದು ಮಾರೇಶನಿಗೆ ಈಗ ಬೆಳಗ್ಗೆಗಿಂತಲೂ ಕಡಿಮೆ ಗೊತ್ತಿತ್ತು. ಉತ್ತರಕ್ಕೆಂದು ಬಾಯಿ ತೆರೆಯುವಷ್ಟರಲ್ಲಿ ಓಣಿಯ ಆಚೆಯಿಂದ ದೊಡ್ಡಬಸಮ್ಮನ ಕೂಗು ಕೇಳಿಸಿತು.

"ಏ ತಮ್ಮಾ, ಇನ್ನಾ ಎಷ್ಟು ಹಿಂದಕ್ಕ ಹೋಗ್ತೀಯೋ? ಹಲ್ಲು ಬಿಟ್ಟೂ ಬಿಟ್ಟೂ ಹದಿನಾಲ್ಕೂ ಮಂದಿಗೆ ದವಡಿ ಹಿಡಕೊಂಡೈತಿ!"