ಎಲ್ಲಿಗೆ ಎಂದು ಕೇಳುವ ಟವರು

ಹೆದರುವುದಕ್ಕೂ ಒಂದು ಪ್ರತಿಭೆ ಬೇಕು, ಅದು ನನಗೆ ಹುಟ್ಟಿನಿಂದಲೇ ಧಾರಾಳವಾಗಿ ಬಂದಿದೆ. ಅಂಗಳದಲ್ಲಿ ಹಗ್ಗ ಬಿದ್ದಿದ್ದರೆ ಉಳಿದವರಿಗೆ ಹಗ್ಗ ಕಾಣುತ್ತದೆ. ನನಗೆ ಹಾವು ಕಾಣುತ್ತದೆ, ಅದರ ಜೋಡಿ ಎಲ್ಲಿ ಅಡಗಿರಬಹುದೆಂಬ ಚಿಂತೆಯೂ ಆಗಲೇ ಹತ್ತುತ್ತದೆ. ಮನೆಯಿಂದ ಯಾರಾದರೂ ಹೊರಗೆ ಹೋದರಂತೂ ಅವರು ತಿರುಗಿ ಬರುವ ತನಕ ನನಗೆ ಅನ್ನ ಸೇರುವುದಿಲ್ಲ. ಎಲ್ಲಿಗೆ, ಯಾವಾಗ ಬರುವುದು ಎಂದು ಕೇಳಿ ಸಮಾಧಾನ ಮಾಡಿಕೊಳ್ಳೋಣವೆಂದರೆ ನಮ್ಮ ಬೆಟಗೇರಿಯ ಮನೆಯಲ್ಲಿ ಅವ್ವನ ಕಾಯ್ದೆ ಅಡ್ಡ ಬರುತ್ತದೆ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಬಾಯಿತಪ್ಪಿ ಯಾರಾದರೂ ಕೇಳಿಯೇಬಿಟ್ಟರೆ ಹೊರಟವರು ಒಳಗೆ ಬಂದು, ಕುಳಿತು, ನೀರು ಕುಡಿದು, ಸ್ವಲ್ಪ ಹೊತ್ತು ಬಿಟ್ಟು ಹೊಸದಾಗಿ ಹೊರಡಬೇಕು. ಒಮ್ಮೆ ಬಾಗಿಲಲ್ಲಿ ಕಾಯಿಪಲ್ಯೆ ಮಾರುವವಳು ಕೇಳಿದಳೆಂದು ಅವ್ವ ತಿರುಗಿ ಬಂದು ಕುಳಿತುಬಿಟ್ಟು, ನೆಂಟರ ಮದುವೆಯಲ್ಲಿ ಅಕ್ಷತೆ ತಪ್ಪಿಸಿಕೊಂಡು ಊಟಕ್ಕಷ್ಟೇ ಮುಟ್ಟಿದ್ದುಂಟು.

ಇಂಥ ಮನೆಯ ಮಗನಾದ ನನಗೆ ಸಿಕ್ಕ ನೌಕರಿಯೇ ಎಲ್ಲಿ ಎಂದು ಕೇಳುವುದು. ಗದಗಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲೆ ನಮ್ಮ ಸಣ್ಣ ಕಂಪನಿ ಇದೆ. ನಿಮ್ಮ ಕಿಸೆಯಲ್ಲಿ ಫೋನು ಸುಮ್ಮನೆ ಕುಳಿತಿದೆ ಎಂದು ನೀವು ತಿಳಿದಿರುತ್ತೀರಿ. ಅದು ಸುಮ್ಮನಿರುವ ಜಾತಿಯಲ್ಲ. ನೀವು ಊರು ದಾಟಿದಂತೆಲ್ಲ ಆಯಾ ಊರಿನ ಟವರಿಗೆ ‘ಇಲ್ಲಿಗೆ ಬಂದೆ’ ಎಂದು ವರದಿ ಒಪ್ಪಿಸುತ್ತಲೇ ಇರುತ್ತದೆ. ಇಲ್ಲದಿದ್ದರೆ ನಿಮಗೆ ಬಂದ ಕರೆಯನ್ನು ಲಕ್ಷ್ಮೇಶ್ವರಕ್ಕೆ ಕಳಿಸಬೇಕೋ ಮುಂಡರಗಿಗೆ ಕಳಿಸಬೇಕೋ ಯಾರಿಗೆ ಗೊತ್ತಾಗಬೇಕು? ಫೋನೂ ಟವರೂ ಒಳಗೊಳಗೇ ನಡೆಸುವ ಈ ಮಾತುಕತೆಗೆ ಸಿಗ್ನಲಿಂಗ್ ಎನ್ನುತ್ತಾರೆ. ಆ ಮಾತಿನ ನಡುವೆ ನಮ್ಮದೊಂದು ಪ್ರಶ್ನೆ ತೂರಿಸಿ, ಸಿಕ್ಕ ಉತ್ತರವನ್ನು ಬೇಕಾದವರಿಗೆ ಸಂದೇಶ ಮಾಡಿ ಕಳಿಸುವ ವ್ಯವಸ್ಥೆ ನಮ್ಮದು. ಡ್ರೈವರನ ಒಪ್ಪಿಗೆ ಇದ್ದರೆ ಹತ್ತಿಯ ಲಾರಿ ಎಲ್ಲಿಗೆ ಬಂತೆಂದು ಮಾಲಕನಿಗೆ ತಿಳಿಯುತ್ತದೆ, ಫೋನು ಗಂಟೆ ಹೊಡೆಯುವುದೂ ಇಲ್ಲ. ಸಂದೇಶಗಳ ಕನ್ನಡ ಬರೆಯುವುದು, ಅವು ಸರಿಯಾಗಿ ಹೋಗುತ್ತಿವೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಯಾರನ್ನೇ ಹುಡುಕಲಿ, ಹುಡುಕಿಸಿಕೊಂಡವರಿಗೆ ಅದು ತಿಳಿಯಲೇಬೇಕು ಎಂದು ಪಟ್ಟು ಹಿಡಿದು ‘ನೀವು ಎಲ್ಲಿದ್ದೀರಿ ಎಂದು ನಿಮ್ಮವರು ಕೇಳಿದ್ದಾರೆ’ ಎಂಬ ಸಂದೇಶ ಬರೆದವನೂ ನಾನೇ. ಕಳ್ಳರ ಕೈಗೆ ಇದು ಸಿಕ್ಕರೆ ಎಂಬ ಹೆದರಿಕೆ, ಮತ್ತೇನು. ಪರೀಕ್ಷೆಗೆಂದು ಇಟ್ಟ ನಂಬರುಗಳಿಗೆ ಮಾತ್ರ ಆ ಸಂದೇಶ ಹೋಗುತ್ತಿರಲಿಲ್ಲ. ಅವ್ವನನ್ನು ಕೇಳಿಯೇ ಅವಳ ನಂಬರನ್ನು ಅದರಲ್ಲಿ ಸೇರಿಸಿದ್ದೆ. “ಹಾಕ್ಕೋ ತಮ್ಮಾ, ನನ್ನ ಫೋನಿಗೆ ಮತ್ತ್ಯಾರು ಬರ್ತಾರ” ಎಂದಿದ್ದಳು.

ನೇರವಾಗಿ ಫೋನು ಮಾಡಿ ಮಾತಾಡಬಾರದೇ ಎಂದು ನೀವು ಕೇಳಬಹುದು. ಮಾಡಬಹುದು, ಆದರೆ ನನ್ನ ಕೈ ಏಳುವುದಿಲ್ಲ. ಅಪ್ಪ ಪ್ರಯಾಣದಲ್ಲಿದ್ದಾಗ ನಾನು ಮಾಡಿದ ಕೊನೆಯ ಕರೆಯನ್ನು ಎತ್ತಿದ್ದು ಅಪ್ಪನಲ್ಲ. ಗುರುತಿಲ್ಲದ ಒಂದು ಧ್ವನಿ “ನೀವು ಇವರಿಗೇನಾಗಬೇಕ್ರಿ?” ಎಂದು ಕೇಳಿತು. ಆ ಮಾತಿನ ಮೆತ್ತಗಿನ ದನಿಯಲ್ಲೇ ನನಗೆ ಎಲ್ಲವೂ ಗೊತ್ತಾಗಿತ್ತು. ಅಂದಿನಿಂದ ಹೊರಗೆ ಹೋದವರಿಗೆ ನಾನು ಫೋನು ಮಾಡುವುದಿಲ್ಲ. ಟವರನ್ನು ಕೇಳಿದರೆ ಟವರು ಊರ ಹೆಸರು ಹೇಳುತ್ತದೆ, ಅಷ್ಟೆ.

ಹೋದ ತಿಂಗಳು ಅವ್ವ ಒಬ್ಬಳೇ ಶಿರಹಟ್ಟಿಯಲ್ಲಿರುವ ತಂಗಿ, ನಮ್ಮ ಚಿಗವ್ವನ ಮನೆಗೆ ಹೋದಳು. ಅವ್ವನಿಗೆ ಇತ್ತೀಚೆಗೆ ತಲೆ ತಿರುಗುವುದು ಶುರುವಾಗಿದೆ, ಅಡುಗೆಮನೆಯಲ್ಲೇ ಒಮ್ಮೆ ಗೋಡೆ ಹಿಡಿದು ಕುಸಿದಿದ್ದಳು. ಮಧ್ಯಾಹ್ನದ ಬಸ್ಸಿಗೆ ಅಲ್ಲಿಂದ ಹೊರಡುತ್ತೇನೆ ಎಂದಿದ್ದಳು. ಆ ಹೊತ್ತಿಗೆ ಟವರನ್ನು ಕೇಳಿದೆ. ಶಿರಹಟ್ಟಿ. ಊಟದ ಡಬ್ಬಿ ತೆರೆದು ಕೇಳಿದೆ, ಮುಚ್ಚಿ ಕೇಳಿದೆ. ಶಿರಹಟ್ಟಿಯೇ. ಬಸ್ ಸ್ಟ್ಯಾಂಡಿನ ಮೆಟ್ಟಿಲು, ಅಲ್ಲಿ ಬಿದ್ದ ಅವ್ವ, ಸುತ್ತ ಸೇರಿದ ಜನ, ಚೆಲ್ಲಿದ ಎಲೆಅಡಿಕೆ ಚೀಲ ಎಲ್ಲ ನನ್ನ ಕಣ್ಣ ಮುಂದೆ ಬಂತು. ಮತ್ತೆ ಕೇಳಿದೆ. ಈ ಸಲ ಉತ್ತರ ಬದಲಾಗಿತ್ತು: ಮುಂಡರಗಿ ದಾರಿ, ಕಪ್ಪತಗುಡ್ಡದ ಮಗ್ಗುಲಿನ ಟವರು. ಗುಡ್ಡದಲ್ಲಿ ಚಿರತೆ ಇದೆಯೆಂದು ಊರೆಲ್ಲ ಹೇಳುತ್ತದೆ. ಅವ್ವ ಅಲ್ಲಿಗೆ ಯಾಕೆ ಹೋದಳು? ಯಾರು ಒಯ್ದರು?

ಪಕ್ಕದ ಕುರ್ಚಿಯ ಮಂಜುಳಾ ನನ್ನ ಮುಖ ನೋಡಿ, “ಸರ್, ಶಿರಹಟ್ಟ್ಯಾಗ ಕರೆಂಟ್ ಹೋಗಿರಬೇಕ್ರಿ. ಅಲ್ಲಿ ಟವರ್ ಬಂದ್ ಆದ್ರ ಫೋನು ದೂರದ್ದು ಹಿಡೀತೈತಿ. ನೀವ ನಮಗ ಹೇಳಿಕೊಟ್ಟಿದ್ದಲ್ರಿ?” ಎಂದಳು. ಹೇಳಿಕೊಟ್ಟಿದ್ದು ಖರೆ. ಆದರೆ ತಿಳಿವಳಿಕೆ ಇರುವುದು ತಲೆಯಲ್ಲಿ, ಹೆದರಿಕೆ ಇರುವುದು ಹೊಟ್ಟೆಯಲ್ಲಿ. ಬೈಕಿನ ಕೀಲಿ ತೆಗೆದುಕೊಂಡು ಬಾಗಿಲು ದಾಟುವಷ್ಟರಲ್ಲಿ ಅವಳೇ ಹಿಂದಿನಿಂದ, “ಎಲ್ಲಿಗೆ ಹೊಂಟ್ರಿ ಸರ್?” ಎಂದುಬಿಟ್ಟಳು.

ನಾನು ಇವನ್ನೆಲ್ಲ ನಂಬುವವನಲ್ಲ. ಆದರೂ ತಿರುಗಿ ಬಂದೆ, ಕುಳಿತೆ, ನೀರು ಕುಡಿದೆ. ಕುಡಿಯುತ್ತಲೇ ಇನ್ನೊಂದು ಸಲ ಟವರನ್ನು ಕೇಳಿದೆ. ಗುಡ್ಡವೇ.

ದಾರಿಯುದ್ದಕ್ಕೂ ಎದುರಿಗೆ ಬಂದ ಆಂಬುಲೆನ್ಸು ಒಂದೇ ಒಂದು, ಅದೂ ಖಾಲಿ. ಆದರೆ ಖಾಲಿ ಯಾಕೆ ಎಂದು ನಾನು ಶಿರಹಟ್ಟಿ ಮುಟ್ಟುವ ತನಕ ಯೋಚಿಸಿದೆ. ಚಿಗವ್ವನ ಮನೆಯ ಬಾಗಿಲಿನಲ್ಲಿ ಜನ ಕೂಡಿರಲಿಲ್ಲ. ಚಿಗವ್ವ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. “ಅವ್ವ ಎಲ್ಲಿ?” ಎಂದೆ.

“ಈಗ ಬಸ್ ಹತ್ತಿದ್ಲಲ್ಲೋ! ನಿನಗ ಬುದ್ಧಿ ಐತೇನಲೇ? ಅಕ್ಕಾ ಹೋಗಾಕ ಏಳೋದು, ಫೋನು ಟುಣ್ ಅನ್ನೋದು. ನಮ್ಮ ಸೊಸಿ ಓದೋದು, ‘ನೀವು ಎಲ್ಲಿದ್ದೀರಿ ಎಂದು ನಿಮ್ಮವರು ಕೇಳಿದ್ದಾರೆ.’ ಅಕ್ಕಾ ‘ಕೇಳಿದ್ನಲ್ಲವಾ’ ಅಂತ ಮತ್ತ ಕುಂಡ್ರೋದು. ನೀರು ಕುಡಿದು ಕುಡಿದು ನನ್ನ ಕೊಡ ಖಾಲಿ ಆತು. ಕರೆಂಟ್ ಬ್ಯಾರೆ ಇಲ್ಲ, ನಳಕ್ಕ ನೀರಿಲ್ಲ. ನೀ ಸುಮ್ಮನಾದ ಮ್ಯಾಲ ಎದ್ದು ಹೋದ್ಲು ನೋಡು.”

ಆಮೇಲೆ ವಿಚಾರಿಸಿದರೆ, ಪರೀಕ್ಷೆಯ ನಂಬರುಗಳಿಗೂ ಸಂದೇಶ ಹೋಗುವಂತೆ ಮಂಜುಳಾ ಅಂದು ಬೆಳಿಗ್ಗೆಯೇ ಬದಲಿಸಿದ್ದಳಂತೆ. ನನಗೆ ಹೇಳಿಯೂ ಇದ್ದಳಂತೆ, ನಾನು ‘ಹೂಂ’ ಎಂದಿದ್ದೆನಂತೆ. ಅಂದರೆ ಅವ್ವ ಅಲ್ಲಾಡದೆ ಕುಳಿತಿದ್ದಳೆಂದು ನಾನು ಕೇಳುತ್ತಿದ್ದೆ, ನಾನು ಕೇಳುತ್ತಿದ್ದೆನೆಂದು ಅವಳು ಅಲ್ಲಾಡದೆ ಕುಳಿತಿದ್ದಳು.

ಚಹಾ ಕುಡಿಸದೆ ಚಿಗವ್ವ ಬಿಡಲಿಲ್ಲ. ತಿರುಗಿ ಬರುವಾಗ ಬೈಕು ಪಂಕ್ಚರ್ ಆಗಿ ಬೆಟಗೇರಿ ಮುಟ್ಟುವಷ್ಟರಲ್ಲಿ ದೀಪ ಹಚ್ಚಿದ್ದರು. ಅವ್ವ ಬಾಗಿಲ ಹೊಸ್ತಿಲಲ್ಲಿ ಕುಳಿತಿದ್ದಳು. ಕೈಯಲ್ಲಿ ಫೋನು ಗಟ್ಟಿಯಾಗಿ ಹಿಡಿದಿದ್ದಳು. ನನ್ನನ್ನು ನೋಡಿದ್ದೇ ತಡ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇಷ್ಟೊತ್ತು ಕುಂತಿಯಲ್ಲ ಅವ್ವಾ, ನನಗೊಂದು ಫೋನರ ಮಾಡಬಾರದೇನು?” ಎಂದೆ.

ಅವ್ವ ಫೋನನ್ನೇ ನೋಡುತ್ತ ಹೇಳಿದಳು: “ಬ್ಯಾರೆದವರು ಎತ್ತಿದ್ರ?”

ನಾನು ಅವಳ ಪಕ್ಕದಲ್ಲೇ ಕುಳಿತೆ. ಈ ಹೆದರಿಕೆ ನನ್ನದೊಬ್ಬನದೇ ಆಸ್ತಿ ಎಂದು ಇಷ್ಟು ದಿನ ತಿಳಿದಿದ್ದೆ.

ಮರುದಿನವೇ ಅವ್ವನ ನಂಬರನ್ನು ಪರೀಕ್ಷೆಯಿಂದ ತೆಗೆಸಿದೆ. ಈಗ ಅವಳು ಎಲ್ಲಿಗಾದರೂ ಹೋದರೆ ಧೈರ್ಯ ಮಾಡಿ ನಾನೇ ಫೋನು ಹಚ್ಚುತ್ತೇನೆ. ಗಂಟೆ ಹೊಡೆಯುವಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿರುತ್ತೇನೆ. ಆಮೇಲೆ ಅವಳದೇ ಧ್ವನಿ ಬೈಯುತ್ತದೆ: “ಈಗ ಹೊಂಟಿದ್ನಲ್ಲೋ, ಕೇಳಬ್ಯಾಡಂದ್ರ ಕೇಳ್ತಿಯಲ್ಲ ಮೂಳಾ!” ಆ ಬೈಗುಳ ಕೇಳಿ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಅವಳು ಒಳಗೆ ಹೋಗಿ ಕುಳಿತು ನೀರು ಕೇಳುವುದೂ ಫೋನಿನಲ್ಲೇ ಕೇಳಿಸುತ್ತದೆ. ಆ ಬಸ್ಸೂ ತಪ್ಪಿತು ಎಂದುಕೊಂಡು, ಮುಂದಿನ ಬಸ್ಸಿನ ಡ್ರೈವರು ಹೇಗೆ ಓಡಿಸುವವನೋ ಎಂದು ನಾನು ಹೆದರಲು ಶುರುಮಾಡುತ್ತೇನೆ.