ಹಾರ್ನಿಗೊಂದು ವಾರಂಟಿ

ಲಿಫ್ಟಣ್ಣನ ಕೆಂಪು ಕಾರಿನೊಳಗೆ ಎಲ್ಲೋ ಟಕಟಕ ಎಂದು ಸದ್ದು ಬರುತ್ತಿತ್ತು. ಬರಲಿ, ಹಳೇ ಕಾರು ಎಂದ ಮೇಲೆ ಅಷ್ಟಾದರೂ ಮಾತಾಡದಿದ್ದರೆ ಹೇಗೆ? ಎಡವಟ್ಟಾದದ್ದು ಸದ್ದಿನಿಂದಲ್ಲ. ಬೆಳಬೆಳಗ್ಗೆ ಅಂಗಳದ ನಡುವೆ ನಿಂತು, ತಲೆಯ ಮೇಲೆ ಕೈ ಹೊತ್ತು, "ಅಯ್ಯೋ, ಇದು ಇವತ್ತೇ ಬರಬೇಕಿತ್ತಾ!" ಎಂದು ಆತ ಗಟ್ಟಿಯಾಗಿ ಗೋಳಾಡಿದ್ದರಿಂದ. ಅವನು ವಾಸವಿದ್ದ ಕಟ್ಟಡದಲ್ಲಿ ಎಲ್ಲದಕ್ಕೂ ಕೊರತೆಯಿತ್ತು, ಕಿವಿಗಳಿಗೆ ಮಾತ್ರ ಇರಲಿಲ್ಲ.

ಲಿಫ್ಟಣ್ಣ ದೊಡ್ಡದೊಂದು ಆಫೀಸಿನಲ್ಲಿ ಲಿಫ್ಟ್ ನಡೆಸುವವನು. ಮೇಲೆ ಹೋಗುವುದು, ಕೆಳಗೆ ಬರುವುದು, ಇದರಲ್ಲೇ ಅವನ ಅರ್ಧ ಆಯುಷ್ಯ ಸವೆದಿತ್ತು. ಒಂದು ಸಲವಾದರೂ ಮುಂದಕ್ಕೆ ಹೋಗಬೇಕು, ಅದೂ ಜೋರಾಗಿ ಹೋಗಬೇಕು ಎಂಬುದು ಅವನ ಒಂದೇ ಆಸೆ. ಆಫೀಸಿನ ಮೇಲಿನ ಮಹಡಿಯ ಸಾಹೇಬರು ಊರು ಬಿಡುವಾಗ ತಮ್ಮ ಹಳೇ ಸ್ಪೋರ್ಟ್ಸ್ ಕಾರನ್ನು ಬಂದಷ್ಟಕ್ಕೆ ಮಾರಿದರು. ಲಿಫ್ಟಣ್ಣ ಹಿಂದೆಮುಂದೆ ನೋಡದೆ ತೆಗೆದುಕೊಂಡ. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂಥ ಮೈ. ಅದನ್ನು ಹತ್ತುವುದು ಎಂಬುದಿಲ್ಲ, ಅದರೊಳಕ್ಕೆ ಇಳಿಯಬೇಕು.

"ರೀ, ಇದರ ವಾರಂಟಿ ಇವತ್ತು ಸಂಜೆಗೆ ಮುಗಿಯುತ್ತೆ ಅಂತ ನೀವೇ ಹೇಳಿದ್ರಿ," ಎಂದಿದ್ದಳು ಹೆಂಡತಿ. "ಆಮೇಲೆ ಏನಾದ್ರೂ ಕೆಟ್ರೆ ರಿಪೇರಿ ಖರ್ಚು ಯಾರಪ್ಪನ ಮನೆಯಿಂದ ತರ್ತೀರಿ? ಇವತ್ತು ಕಂಪನಿಯವರು ಬಂದು ನೋಡಿ, ಮುಂದಕ್ಕೂ ವಾರಂಟಿ ಕೊಟ್ರೆ ಕಾರು ಇಲ್ಲೇ ಇರ್ಲಿ, ನಾನು ತುಟಿ ಬಿಚ್ಚಲ್ಲ. ಕೊಡ್ಲಿಲ್ವಾ, ನನ್ನ ತಮ್ಮನಿಗೆ ಕೊಟ್ಟುಬಿಡಿ. ಕೆಲಸ ಹುಡುಕೋಕೆ ಓಡಾಡ್ತಾನೆ ಪಾಪ."

ಪಾಪದ ಬಾಮೈದ ಎರಡು ದಿನಕ್ಕೆಂದು ಬಂದು ಎರಡು ವರ್ಷದಿಂದ ಇದ್ದ. ಕೆಲಸದ ಕಣ್ಣಿಗೆ ತಾನು ಬೀಳದ ಹಾಗೆ ಬಹಳ ಜಾಗರೂಕತೆಯಿಂದ ಕೆಲಸ ಹುಡುಕುತ್ತಿದ್ದ. ಕಾರು ಬಂದಾಗಿನಿಂದ ಅದಕ್ಕೂ ಪುರುಸೊತ್ತಿಲ್ಲ. ದಿನವಿಡೀ ಅದರೊಳಗೆ ಕಾಲು ಚಾಚಿ ಕೂತು ಹಾರ್ನ್ ಒತ್ತುವುದು, "ಭಾವ, ಬೇರೇದೆಲ್ಲ ಹೇಗಾದ್ರೂ ಇರ್ಲಿ, ಹಾರ್ನ್ ಮಾತ್ರ ಭರ್ಜರಿ!" ಎನ್ನುವುದು.

ಲಿಫ್ಟಣ್ಣ ಸ್ನಾನ ಮುಗಿಸಿ ಕೆಳಗಿಳಿದು ಬರುವಷ್ಟರಲ್ಲಿ ಅಂಗಳ ಅಂಗಳವಾಗಿ ಉಳಿದಿರಲಿಲ್ಲ. ಕಾರಿನ ಎರಡು ಬಾಗಿಲುಗಳು ಗೋಡೆಗೆ ಒರಗಿದ್ದವು. ಸೀಟುಗಳು ಎದುರು ಮನೆಯ ಟೈಲರಮ್ಮನ ಜಗಲಿಯಲ್ಲಿ ಮಲಗಿದ್ದವು. ಕಾರಿನ ಅಡಿಯಿಂದ ಎರಡು ಮುದಿ ಕಾಲುಗಳು ಮಾತ್ರ ಕಾಣುತ್ತಿದ್ದವು.

"ಯಾರದು? ಯಾರದು ಅಡಿಗೆ ಹೋಗಿರೋದು?"

"ಗಾಬರಿಯಾಗಬೇಡಪ್ಪಾ, ನಾನೇ," ಎಂದರು ಮೂರನೇ ಮಹಡಿಯ ಡ್ರೈವರ್ ತಾತ. ಬಸ್ಸು ನಡೆಸಿ ನಿವೃತ್ತರಾದವರು. "ಅಷ್ಟು ದೊಡ್ಡ ಬಸ್ಸನ್ನೇ ಪಳಗಿಸಿದವನಿಗೆ ಇದು ಯಾವ ಲೆಕ್ಕ? ಇದು ಬಸ್ಸಿನ ಮರಿ. ಇಂಜಿನ್ನು, ಬ್ರೇಕು, ಗೇರು, ಎಲ್ಲಾ ಒಂದು ಸಲ ಬಿಚ್ಚಿ ಹಾಕಿದ್ದೀನಿ. ಇನ್ನೂ ಟಕಟಕ ಅಂದ್ರೆ ಕೇಳು."

"ಸದ್ದು ಬಾಗಿಲದ್ದೇ ಸ್ವಾಮಿ," ಎಂದ ಬೀಗ ರಿಪೇರಿಯವನು, ಬಾಯಲ್ಲಿ ಮೂರು ಸ್ಕ್ರೂ ಕಚ್ಚಿಕೊಂಡೇ.

"ಸೀಟಿನ ಸ್ಪ್ರಿಂಗು ಕಣಣ್ಣ!" ಟೈಲರಮ್ಮ ಜಗಲಿಯಿಂದ ಕೂಗಿದಳು. "ಹೊಸದಾಗಿ ಹೊಲಿದಿದ್ದೀನಿ. ಕರವಸ್ತ್ರಕ್ಕೆ ಅಂತ ಒಂದು ಜೇಬೂ ಇಟ್ಟಿದ್ದೀನಿ."

ಲಿಫ್ಟಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇವರ ಕೈಕಾಲು ಹಿಡಿದು, ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಕೊನೆಗೆ ಎರಡು ನಟ್ಟುಗಳು ಮಿಕ್ಕವು. "ಕಂಪನಿಯವರು ಇಂಥವನ್ನ ಧಾರಾಳವಾಗಿ ಹಾಕಿರ್ತಾರೆ," ಎಂದು ತಾತ ಅವನ್ನು ಜೇಬಿಗೆ ಇಳಿಸಿದರು. ಕಾರು ಚಾಲೂ ಮಾಡಿದರೆ ಟಕಟಕ ಮೊದಲಿನಷ್ಟೇ ಚೆನ್ನಾಗಿ ಕೇಳಿಸಿತು.

"ನಿಮ್ಮ ದಮ್ಮಯ್ಯ," ಲಿಫ್ಟಣ್ಣ ಎಲ್ಲರಿಗೂ ಕೈಮುಗಿದ. "ಕಂಪನಿಯವರು ಬಂದಾಗ, ಇದನ್ನ ಬಿಚ್ಚಿದ್ದರ ಬಗ್ಗೆ ಯಾರೂ ಒಂದು ಮಾತೂ ಆಡಬಾರದು. ಆಣೆ ಮಾಡಿ."

ಎಲ್ಲರೂ ಆಣೆ ಮಾಡಿದರು. ತಾತನಂತೂ ಎರಡು ಸಲ ಮಾಡಿದರು.

ತಪಾಸಣೆಯ ಅಧಿಕಾರಿ ಬಂದದ್ದು ಇಳಿಹೊತ್ತಿಗೆ. ಸ್ಪೋರ್ಟ್ಸ್ ಕಾರು ನೋಡುವುದೇ ಅವರ ಉದ್ಯೋಗ, ಮೈಕಟ್ಟು ಮಾತ್ರ ಲಾರಿಗೆ ಹೇಳಿ ಮಾಡಿಸಿದ್ದು. ಅವರನ್ನು ಸೀಟಿಗೆ ಇಳಿಸಲು ಇಬ್ಬರು, ಹೊರಗೆಳೆಯಲು ನಾಲ್ವರು ಬೇಕಾದರು.

"ನನ್ನ ಹಣೆಬರಹ," ಎಂದು ಏದುಸಿರು ಬಿಟ್ಟರು ಅಧಿಕಾರಿ. "ನಮ್ಮ ಶೆಡ್ಡಿನಲ್ಲಿ ಬಿಡಿಭಾಗಕ್ಕೆ ಕಾದುಕೊಂಡು ಇಂಥವೇ ಸಾಲಾಗಿ ನಿಂತಿವೆ. ನಿಲ್ಲಿಸಿದ್ರೆ ಕೆಡುತ್ತವೆ, ದಿನಾ ಓಡಿಸಬೇಕು. ಈ ಮೈ ಹೊತ್ತುಕೊಂಡು ಯಾವುದರಲ್ಲಿ ಅಂತ ತೂರಲಿ? ಸಣ್ಣಗಿರೋ ಒಬ್ಬ ಮನುಷ್ಯ ಸಿಗ್ತಾ ಇಲ್ಲ." ಹೀಗೆಂದವರೇ ಕಾರು ಚಾಲೂ ಮಾಡಿಸಿ ಕಿವಿಗೊಟ್ಟು ಕೇಳಿದರು. "ಏನೋ ಟಕಟಕ ಅಂತಿದೆಯಲ್ಲ?"

ಅಧಿಕಾರಿ ಸ್ಟೀರಿಂಗಿನ ಕೆಳಗಿನ ಸಂದಿಗೆ ಕೈ ಹಾಕಿ ತಡಕಾಡಿದರು. ಸಣ್ಣದೊಂದು ತಗಡಿನ ಡಬ್ಬಿ ಹೊರಬಂತು. ಒಳಗೆ ಪೆಪ್ಪರ್‌ಮೆಂಟು.

"ಓ, ನಂದು!" ಎಂದ ಬಾಮೈದ. "ನಿನ್ನೆಯಿಂದ ಹುಡುಕ್ತಾ ಇದ್ದೆ."

ಲಿಫ್ಟಣ್ಣನಿಗೆ ಅವನನ್ನು ಅಲ್ಲೇ ಸಿಗಿದು ಹಾಕುವಷ್ಟು ಸಿಟ್ಟೂ ಬಂತು, ಎತ್ತಿ ಮುದ್ದಾಡುವಷ್ಟು ಖುಷಿಯೂ ಆಯಿತು. ಕಾರಿಗೆ ಯಾವ ರೋಗವೂ ಇರಲಿಲ್ಲ! ಅಧಿಕಾರಿಯ ಮುಖವೂ ಅರಳಿತು. "ಗಾಡಿ ಚಿನ್ನದಂಗಿದೆ ಕಣ್ರೀ. ಈ ಸೀಟಿನ ಹೊಲಿಗೆ ನೋಡಿ. ಮೆಷೀನಿನ ಕೆಲಸ ಅಂದ್ರೆ ಇದು. ಮನುಷ್ಯರ ಕೈಯಲ್ಲಿ ಸಾಧ್ಯಾನಾ?"

ಟೈಲರಮ್ಮ ತುಟಿ ಕಚ್ಚಿದಳು. ಲಿಫ್ಟಣ್ಣ ಕಣ್ಣಲ್ಲೇ ಬೇಡಿಕೊಂಡ. ಆದರೆ ಇಡೀ ಬೀದಿಯ ಮುಂದೆ ಹೊಗಳಿಕೆ ಮೆಷೀನಿನ ಪಾಲಾಗುವುದನ್ನು ಯಾವ ಹೆಣ್ಣುಮಗಳು ಸಹಿಸುತ್ತಾಳೆ?

"ಯಾವ ಮೆಷೀನು? ಇದೇ ಕೈ! ಇವತ್ತು ಬೆಳಗ್ಗೆ ಹೊಲಿದಿದ್ದು!"

"ಹೌದಾ?" ಅಧಿಕಾರಿ ಪೆನ್ನು ತೆಗೆದರು. "ಹಾಗಾದ್ರೆ ಸೀಟಿಗೆ ವಾರಂಟಿ ಇಲ್ಲ. ಹೊರಗಿನವರು ಬಿಚ್ಚಿದ ಭಾಗ ನಮ್ಮ ಲೆಕ್ಕಕ್ಕೆ ಬರಲ್ಲ. ಹೋಗಲಿ ಬಿಡಿ, ಸೀಟು ತಾನೇ. ಬಾಗಿಲು ನೋಡಿ, ಮುಚ್ಚಿದ್ದೇ ಗೊತ್ತಾಗಲ್ಲ. ಕಂಪನಿ ಕೆಲಸ ಕಂಪನಿ ಕೆಲಸಾನೇ."

"ಕಂಪನಿಯಂತೆ ಕಂಪನಿ!" ಬೀಗದವನು ಮುಂದೆ ನುಗ್ಗಿದ. "ಕಂಪನಿ ಬಿಗಿದಾಗ ಕಿರ್ ಅಂತಿತ್ತು. ಎರಡೂ ಬಾಗಿಲು ಬಿಚ್ಚಿ ಕೂರಿಸಿದೋನು ನಾನು."

ಬಾಗಿಲೂ ಹೋಯಿತು. ಲಿಫ್ಟಣ್ಣ ಓಡಿಹೋಗಿ ತಾತನ ಬಾಯಿಗೆ ಕೈ ಅಡ್ಡ ಹಿಡಿದ. ತಾತ ಆ ಕೈಯನ್ನು ಪಕ್ಕಕ್ಕೆ ಸರಿಸಿ, ಗಂಟಲು ಸರಿಪಡಿಸಿಕೊಂಡು, ಇಂಜಿನ್ನು, ಬ್ರೇಕು, ಗೇರುಗಳ ಕತೆಯನ್ನು ತಮ್ಮ ಮೊದಲ ಬಸ್ಸಿನಿಂದ ಶುರುಮಾಡಿದರು. ಸಾಕ್ಷಿಗೆ ಜೇಬಿನಿಂದ ನಟ್ಟುಗಳನ್ನೂ ತೆಗೆದು ತೋರಿಸಿದರು. ಅಧಿಕಾರಿಯ ಪೆನ್ನು ಒಂದೊಂದನ್ನೇ ಹೊಡೆದು ಹಾಕುತ್ತಾ ಹೋಯಿತು.

"ಕನ್ನಡಿ ಮಾತ್ರ ಫಳಫಳ ಅಂತಿದೆ," ಎಂದರು ಅಧಿಕಾರಿ.

"ನಾನು ಒರೆಸಿದ್ದು," ಎಂದಳು ಹೆಂಡತಿ.

"ಒರೆಸಿದ್ರೆ ಪರವಾಗಿಲ್ಲಮ್ಮ."

"ಬರೀ ಒರೆಸೋಕೆ ನಾನೇನು ಸೋಮಾರಿನಾ? ಮೂರನ್ನೂ ಬಿಚ್ಚಿ, ತೊಳೆದು, ಒರೆಸಿ ಹಾಕಿದ್ದೀನಿ!"

ಕನ್ನಡಿಗಳೂ ಹೋದವು. ಆಮೇಲಂತೂ ಹುಯಿಲೋ ಹುಯಿಲು. ದೀಪ ಬಿಚ್ಚಿದವರು, ಚಕ್ರ ಕಳಚಿದವರು, ಲಿಫ್ಟಣ್ಣನಿಗೆ ಮುಖಪರಿಚಯವೂ ಇಲ್ಲದವರು, ಎಲ್ಲರೂ ತಮ್ಮ ತಮ್ಮ ಪಾಲಿನ ಕೀರ್ತಿಗೆ ಮುಗಿಬಿದ್ದರು. ಕೊನೆಗೆ ಒಂದೇ ಒಂದು ಉಳಿಯಿತು.

"ಹಾರ್ನು?" ಎಂದರು ಅಧಿಕಾರಿ.

ಎಲ್ಲರೂ ಬಾಮೈದನ ಕಡೆ ನೋಡಿದರು. "ನಾನು ಬಿಚ್ಚಿಲ್ಲಪ್ಪ. ಬರೀ ಒತ್ತಿದ್ದೀನಿ."

"ಒತ್ತೋಕೇ ಇರೋದು ಅದು," ಎಂದ ಅಧಿಕಾರಿ ಸಹಿ ಹಾಕಿ, ದಪ್ಪನೆಯ ಮೊಹರು ಒತ್ತಿದರು. ಕಾರಿಗೆ ವಾರಂಟಿ ಬಂತು. ಹಾರ್ನಿಗೆ ಮಾತ್ರ.

ಲಿಫ್ಟಣ್ಣ ಒಂದು ಗಳಿಗೆ ಕುಸಿದು ಕೂತ. ಮರುಗಳಿಗೆ ಏನೋ ಹೊಳೆದು ದಡಕ್ಕನೆ ಎದ್ದ. "ಏಯ್, ವಾರಂಟಿ ಬಂದ್ರೆ ಕಾರು ಇಲ್ಲೇ ಇರ್ಲಿ ಅಂದಿದ್ದೆ ತಾನೇ? ಬಂದಿದೆ ನೋಡು, ಮೊಹರು! ಎಷ್ಟಕ್ಕೆ ಬರಬೇಕು ಅಂತ ನೀನು ಹೇಳಿರಲಿಲ್ಲ."

ಹೆಂಡತಿ ಮೊಹರು ಬಿದ್ದ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸಿಟ್ಟು ಬಂದರೂ ಕೊಟ್ಟ ಮಾತು ತಪ್ಪುವವಳಲ್ಲ. "ಇಟ್ಕೊಳ್ಳಿ, ಹಾಳಾಗಿ ಹೋಗ್ಲಿ," ಎಂದಳು.

ಬಾಮೈದನ ಮುಖ ಚಿಕ್ಕದಾಯಿತು. ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ಲಿಫ್ಟಣ್ಣ ಕಾರಿನೊಳಗೆ ಇಳಿದ, ಚಾಲೂ ಮಾಡಿದ, ಮುಂದಕ್ಕೆ ಹೊರಡುವ ಮೊದಲು ಇಡೀ ಬೀದಿಗೆ ಕೇಳಲಿ ಎಂದು ಹಾರ್ನ್ ಒತ್ತಿದ. ಕೈ ತೆಗೆದ. ಹಾರ್ನ್ ನಿಲ್ಲಲಿಲ್ಲ.

ವಾರಗಟ್ಟಲೆ ಬಾಮೈದನ ಹೆಬ್ಬೆರಳಿನ ಗುದ್ದು ತಿಂದ ಹಾರ್ನು ಅದು. ಗುದ್ದಿದರೂ ನಿಲ್ಲಲಿಲ್ಲ, ಬೇಡಿಕೊಂಡರೂ ನಿಲ್ಲಲಿಲ್ಲ. ಮಕ್ಕಳು ಅತ್ತವು, ಜನ ಕಿವಿ ಮುಚ್ಚಿಕೊಂಡರು. "ಅದರ ತಂತಿ ಕಿತ್ತು ಬಿಸಾಕ್ತೀನಿ, ತಡಿ!" ಎಂದು ತಾತ ಮೇಲೆ ಬಿದ್ದು ಬಂದರು.

"ಮುಟ್ಟಬೇಡಿ!" ಲಿಫ್ಟಣ್ಣ ಕಿರುಚಿದ. "ಮುಟ್ಟಿದ್ರೆ ಇದ್ದೊಂದು ವಾರಂಟೀನೂ ಹೋಗುತ್ತೆ!"

ಗೇಟಿನವರೆಗೆ ಹೋಗಿದ್ದ ಅಧಿಕಾರಿ ಸದ್ದು ಕೇಳಿ ವಾಪಸು ಬಂದರು. "ಚಿಂತೆ ಬೇಡ," ಎಂದು ಕೂಗಿದರು. "ಪೂರ್ತಿ ನಮ್ಮ ಖರ್ಚು! ಆದ್ರೆ ಹಾರ್ನು ಸ್ಟೀರಿಂಗಿನ ಒಳಗಿದೆ. ಇಡೀ ಗಾಡಿನೇ ಶೆಡ್ಡಿಗೆ ಬರಬೇಕು!"

"ಎಷ್ಟು ದಿನ ಸಾರ್?"

"ಭಾಗ ಹಡಗಿನಲ್ಲಿ ಬರಬೇಕು!"

"ಹಡಗು ಯಾವಾಗ ಬರುತ್ತೆ?"

"ಮೊದಲು ಹೊರಡಲಿ!" ಅಧಿಕಾರಿ ಲಿಫ್ಟಣ್ಣನನ್ನು ಹೊರಗೆಬ್ಬಿಸಿ, ತಾವೇ ಕಾರಿನೊಳಗೆ ತೂರಲು ಹೋಗಿ, ಮೊಣಕಾಲಿನ ಹತ್ತಿರವೇ ಸಿಕ್ಕಿಕೊಂಡು ಹಿಂದೆ ಸರಿದರು. ಅಷ್ಟರಲ್ಲಿ ಬಾಮೈದ ಆ ಕಡೆಯ ಬಾಗಿಲಿನಿಂದ ಮೀನಿನ ಹಾಗೆ ಜಾರಿ ಒಳಗೆ ಕೂತಾಗಿತ್ತು. ಅಧಿಕಾರಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಏನಪ್ಪಾ, ನಮ್ಮಲ್ಲಿ ಕೆಲಸ ಮಾಡ್ತೀಯಾ? ರಿಪೇರಿಗೆ ಕಾದಿರೋ ಗಾಡಿಗಳನ್ನ ದಿನಾ ಊರು ಸುತ್ತಿಸಿಕೊಂಡು ಬರೋದು. ಸಂಬಳ ಇದೆ."

ಹೆಂಡತಿ ಆನಂದದಿಂದ ಅತ್ತೇಬಿಟ್ಟಳು. "ರೀ, ನಿಮ್ಮ ಕಾರಿನಿಂದ ನನ್ನ ತಮ್ಮ ಒಂದು ದಡ ಸೇರಿದ ಕಣ್ರೀ!"

ಹಾರ್ನ್ ಹೊಡೆದುಕೊಂಡೇ ಕೆಂಪು ಕಾರು ಬೀದಿಯ ತಿರುವು ದಾಟಿತು. ಇಡೀ ಕಟ್ಟಡ ಕೈಬೀಸಿ ಬೀಳ್ಕೊಟ್ಟಿತು. ಲಿಫ್ಟಣ್ಣನ ಕೈಯಲ್ಲಿ ಮೊಹರು ಬಿದ್ದ ಕಾಗದ ಇತ್ತು.

ಮರುದಿನ ಆಫೀಸಿನಲ್ಲಿ ಅವನು ಮಾಮೂಲಿನಂತೆ ಲಿಫ್ಟಿನಲ್ಲಿ ನಿಂತಿದ್ದ. ಹೊರಗಿನ ರಸ್ತೆಯಲ್ಲಿ ಹಾರ್ನೊಂದು ಬಿಡದೆ ಅರಚುತ್ತಾ ಬಂತು, ಕಟ್ಟಡಕ್ಕೆ ಒಂದು ಸುತ್ತು ಹಾಕಿ ದೂರವಾಯಿತು.

"ಥೂ, ಯಾರದಪ್ಪಾ ಈ ದರಿದ್ರ ಕಾರು?" ಎಂದರು ಲಿಫ್ಟಿಗೆ ಬಂದ ಮ್ಯಾನೇಜರು.

"ನಂದೇ ಸಾರ್. ವಾರಂಟಿ ಇದೆ," ಎಂದು ಲಿಫ್ಟಣ್ಣ ಬಟನ್ ಒತ್ತಿದ. ಲಿಫ್ಟು ಕೆಳಗೆ ಇಳಿಯಿತು.